ಬಾಣದ ಆಸರೆ

(ಬಿಲ್ಲುವಿದ್ಯೆ ಒಂದು ಕಾಲಕ್ಕೆ ಯುದ್ಧದ ವಿದ್ಯೆಯಾಗಿತ್ತು. ಇಂದು ಅದು ಕ್ರೀಡೆ. ಕ್ರೀಡೆಯಾದ ಮೇಲೆ ಅದರ ಸಾಧನಗಳು ಬಹಳ ಸೂಕ್ಷ್ಮವಾಗಿವೆ. ಅವುಗಳಲ್ಲಿ ಬಾಣವನ್ನು ಹೊತ್ತು ನಿಂತು, ತಕ್ಕ ಗಳಿಗೆಯಲ್ಲಿ ತಾನೇ ಸರಿದುಕೊಳ್ಳುವ ಒಂದು ಪುಟ್ಟ ಆಸರೆಯ ವಿಚಾರ ಈ ಪಾಠದಲ್ಲಿದೆ. ತಪ್ಪು ಕೈಯದೋ ಉಪಕರಣದ್ದೋ ಎಂಬುದನ್ನು ಪರೀಕ್ಷಿಸಿಯೇ ಹೇಳಬೇಕೆಂಬ ಮಾತನ್ನು ಲೇಖಕರು ತಮ್ಮ ಅನುಭವದ ಮೂಲಕ ತಿಳಿಸಿದ್ದಾರೆ.)

ಬಿಲ್ಲು ಎಂದೊಡನೆ ನಮ್ಮ ಮನಸ್ಸು ಪುರಾಣಕಾಲಕ್ಕೆ ಹಾರುತ್ತದೆ. ಮರದ ಮೇಲಿನ ಹಕ್ಕಿಯ ಕಣ್ಣನ್ನಲ್ಲದೆ ಬೇರೇನನ್ನೂ ಕಾಣದ ಬಾಲಕ ಅರ್ಜುನ, ನೀರಿನಲ್ಲಿ ನೆರಳು ನೋಡಿ ಮೇಲೆ ತಿರುಗುವ ಮತ್ಸ್ಯಯಂತ್ರವನ್ನು ಭೇದಿಸಿದ ತರುಣ ಅರ್ಜುನ, ಇವರಿಬ್ಬರೂ ನಮಗೆ ಎಳವೆಯಿಂದ ಪರಿಚಿತರು. ಕನ್ನಡದ ಆದಿಕವಿ ಪಂಪನು ಹತ್ತನೆಯ ಶತಮಾನದಲ್ಲಿ ಅರ್ಜುನನನ್ನೇ ನಾಯಕನನ್ನಾಗಿ ಮಾಡಿಕೊಂಡು ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾತಿಯೂ ಇದ್ದಾಳೆ. ಈ ಕಥೆಗಳಲ್ಲಿಯೂ ಶಿಲ್ಪಗಳಲ್ಲಿಯೂ ನಾವು ಮೆಚ್ಚುವುದು ಬಿಲ್ಲಾಳಿನ ಕಣ್ಣನ್ನು, ತೋಳನ್ನು, ಮನಸ್ಸಿನ ಏಕಾಗ್ರತೆಯನ್ನು. ಹೆದೆಯನ್ನು ಕಿವಿಯವರೆಗೆ ಸೆಳೆದು ನಿಂತಾಗ ಬಾಣದ ಮುಂಭಾಗವು ಯಾವುದರ ಮೇಲೆ ಒರಗಿತ್ತು ಎಂದು ಯಾರೂ ಕೇಳುವುದಿಲ್ಲ.

ನಾನೂ ಕೇಳಿದವನಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕಥೆಗಳನ್ನು ತರಗತಿಯಲ್ಲಿ ಹೇಳಿ ನಿವೃತ್ತನಾದೆ. ಆಮೇಲೆ ಆ ಪ್ರಶ್ನೆಯನ್ನು ನನಗೆ ಕಲಿಸಿದವಳು ನನ್ನ ತಂಗಿಯ ಮೊಮ್ಮಗಳು. ಕಲಿಯುವುದಕ್ಕೆ ಮುಂಚೆ ನಾನೊಂದು ತಪ್ಪನ್ನೂ ಮಾಡಿದೆ. ಅದನ್ನು ಮುಚ್ಚಿಡದೆ ಹೇಳುತ್ತೇನೆ.

ಆ ಹುಡುಗಿ ಆಗ ನಿಮ್ಮ ಹಾಗೆಯೇ ಒಂಬತ್ತನೆಯ ತರಗತಿಯಲ್ಲಿದ್ದಳು. ಶಾಲೆ ಬಿಟ್ಟ ಮೇಲೆ ದಿನವೂ ಎರಡು ಗಂಟೆ ಬಿಲ್ಲಿನ ಅಭ್ಯಾಸ ಮಾಡುತ್ತಿದ್ದಳು. ಅವಳಿಗೆ ಕಲಿಸುತ್ತಿದ್ದ ತರಬೇತುದಾರ ನನ್ನ ಹಳೆಯ ವಿದ್ಯಾರ್ಥಿ. ಅವನು ಏನೋ ಕೆಲಸದ ಮೇಲೆ ಒಂದು ತಿಂಗಳು ಪರಸ್ಥಳಕ್ಕೆ ಹೋಗಿದ್ದನು. ಆಯ್ಕೆಯ ಪಂದ್ಯಕ್ಕೆ ಇನ್ನು ಮೂರು ವಾರ ಉಳಿದಿತ್ತು. ಅಷ್ಟರಲ್ಲಿ ಅವಳ ಬಾಣಗಳು ದಾರಿ ತಪ್ಪತೊಡಗಿದವು. ಹಳದಿಯ ವೃತ್ತದೊಳಗೆ ಒತ್ತಾಗಿ ನಾಟುತ್ತಿದ್ದವು ಮೊದಲು ಒಂದೊಂದಾಗಿ ಹೊರಬಿದ್ದವು. ಬರುಬರುತ್ತಾ ಒಂದು ಮೇಲೆ, ಒಂದು ಕೆಳಗೆ ಎಂದು ಚೆದುರಿದವು. ಒಂದು ಸಂಜೆ ಅವಳು ಕಣ್ಣಲ್ಲಿ ನೀರು ತುಂಬಿಕೊಂಡು, “ತಾತ, ನಾನು ಮೊದಲಿನ ಹಾಗೆಯೇ ಹಿಡಿಯುತ್ತಿದ್ದೇನೆ, ಮೊದಲಿನ ಹಾಗೆಯೇ ಬಿಡುತ್ತಿದ್ದೇನೆ. ಬಿಲ್ಲಿನಲ್ಲೇ ಏನೋ ಕೆಟ್ಟಿದೆ” ಎಂದಳು.

ಮೇಷ್ಟರ ನಾಲಗೆಗೆ ಗಾದೆ ಸುಲಭವಾಗಿ ಬರುತ್ತದೆ. “ಕುಣಿಯಲಾರದವಳು ನೆಲ ಡೊಂಕು ಎಂದಳಂತೆ” ಎಂದುಬಿಟ್ಟೆ. ಅವಳು ಮರುಮಾತಾಡಲಿಲ್ಲ. ಬಿಲ್ಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು. ಎರಡು ದಿನ ಅದನ್ನು ತೆರೆಯಲಿಲ್ಲ. ಮೂರನೆಯ ದಿನ ಅವಳ ತಾಯಿ ಬಂದು, “ಇನ್ನು ಬಿಲ್ಲು ಬೇಡವಂತೆ ಮಾವ, ಯಾರಿಗಾದರೂ ಕೊಟ್ಟುಬಿಡಿ ಎನ್ನುತ್ತಾಳೆ” ಎಂದಾಗ ನನ್ನ ಮಾತಿನ ಭಾರ ನನಗೆ ಅರಿವಾಯಿತು.

ಮುಂದೆ ನಡೆದುದನ್ನು ಹೇಳುವ ಮೊದಲು ಅವಳ ಬಿಲ್ಲಿನ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಅದು ಪುರಾಣದ ಬಿಲ್ಲಿನಂತೆ ಒಂದೇ ಕೋಲನ್ನು ಬಗ್ಗಿಸಿ ಹೆದೆ ಕಟ್ಟಿದ್ದಲ್ಲ. ಅದನ್ನು ಕಾಂಪೌಂಡ್ ಬಿಲ್ಲು ಎನ್ನುತ್ತಾರೆ. ಅಮೆರಿಕದ ಮಿಸೌರಿ ಸಂಸ್ಥಾನದ ಹಾಲೆಸ್ ವಿಲ್ಬರ್ ಆಲೆನ್ ಎಂಬುವರು ಇದನ್ನು ರೂಪಿಸಿ 1966ರಲ್ಲಿ ಹಕ್ಕುಸ್ವಾಮ್ಯಕ್ಕೆ ಅರ್ಜಿ ಸಲ್ಲಿಸಿದರು. 1969ರಲ್ಲಿ ಅದು ಅವರಿಗೆ ದೊರೆಯಿತು. ಇದರ ನಡುವೆ ಲೋಹದ ಹಿಡಿಕೆ, ಮೇಲೂ ಕೆಳಗೂ ಎರಡು ಗಟ್ಟಿಯಾದ ತೋಳುಗಳು, ತೋಳುಗಳ ತುದಿಯಲ್ಲಿ ಕ್ಯಾಮ್ ಎಂಬ ಓರೆಯಾಕಾರದ ಗಾಲಿಗಳು ಇರುತ್ತವೆ. ಹೆದೆಯಲ್ಲದೆ ಗಾಲಿಗಳನ್ನು ಕೂಡಿಸುವ ಕೇಬಲ್ಲುಗಳೂ ಉಂಟು. ಹೆದೆಯನ್ನು ಸೆಳೆದಂತೆ ಗಾಲಿಗಳು ಉರುಳಿ ಕೇಬಲ್ಲುಗಳನ್ನು ಸುತ್ತಿಕೊಳ್ಳುತ್ತವೆ, ತೋಳುಗಳು ಬಾಗುತ್ತವೆ. ಸೆಳೆತದ ನಡುವಿನಲ್ಲಿ ಭಾರವು ಹೆಚ್ಚು; ಪೂರ್ತಿ ಸೆಳೆದು ನಿಂತಾಗ ಗಾಲಿಯ ಓರೆಯ ದೆಸೆಯಿಂದ ಕೈಗೆ ತಾಗುವ ಭಾರವು ಮೂರನೆಯ ಒಂದು ಪಾಲಿಗೆ, ಕೆಲವೊಮ್ಮೆ ಅದಕ್ಕೂ ಕಡಿಮೆಗೆ ಇಳಿಯುತ್ತದೆ. ಆದುದರಿಂದ ನಿಶ್ಚಲವಾಗಿ ನಿಂತು ಗುರಿ ನೋಡಲು ಸಾಧ್ಯ. ಹೆದೆಯನ್ನು ಬೆರಳುಗಳಿಂದ ಬಿಡದೆ ‘ರಿಲೀಸ್’ ಎಂಬ ಸಣ್ಣ ಕೊಕ್ಕೆಯಿಂದ ಬಿಡುತ್ತಾರೆ.

ಈ ಬಿಲ್ಲಿನಲ್ಲಿ ನಮ್ಮ ದೇಶದವರು ಒಳ್ಳೆಯ ಹೆಸರು ಗಳಿಸಿದ್ದಾರೆ. 2014ರ ಇಂಚಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರ ತಂಡ ಚಿನ್ನ ಗೆದ್ದಿತು. 2023ರಲ್ಲಿ ಬರ್ಲಿನ್ನಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದಿತಿ ಸ್ವಾಮಿ ಮತ್ತು ಓಜಸ್ ದೇವತಳೆ ವೈಯಕ್ತಿಕ ಚಿನ್ನ ಪಡೆದರು. ಅದೇ ವರ್ಷ ಹ್ಯಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಈ ವಿಭಾಗದ ಐದು ಚಿನ್ನಗಳೂ ಭಾರತಕ್ಕೆ ಬಂದವು. ಅವುಗಳಲ್ಲಿ ಜ್ಯೋತಿ ಸುರೇಖಾ ವೆನ್ನಂ ಅವರ ಪಾಲು ಮೂರು. ಹುಟ್ಟಿನಿಂದಲೇ ತೋಳುಗಳಿಲ್ಲದ ಶೀತಲ್ ದೇವಿ ಪಾದದಿಂದ ಬಿಲ್ಲು ಹಿಡಿದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆಗೆ ಕಂಚು ಗೆದ್ದರು.

ಈ ಆಟದ ಲೆಕ್ಕ ಎಷ್ಟು ಕಟ್ಟುನಿಟ್ಟಾದುದೆಂದು ನೋಡಿ. ಗುರಿಹಲಗೆ 50 ಮೀಟರ್ ದೂರದಲ್ಲಿರುತ್ತದೆ. ಹತ್ತು ಅಂಕದ ವೃತ್ತದ ವ್ಯಾಸ 8 ಸೆಂಟಿಮೀಟರ್. ಎಂದರೆ ನಿಮ್ಮ ಅಂಗೈಯ ಅಗಲ. ಬಾಣವು ಹೊರಡುವಾಗ ಒಂದೇ ಒಂದು ಡಿಗ್ರಿಯಷ್ಟು ಓರೆಯಾದರೂ ಅಲ್ಲಿಗೆ ಹೋಗುವಷ್ಟರಲ್ಲಿ ಸುಮಾರು 87 ಸೆಂಟಿಮೀಟರ್ ದೂರ ಸರಿದಿರುತ್ತದೆ. ಹತ್ತರ ವೃತ್ತವನ್ನು ಬಿಡದಿರಬೇಕಾದರೆ ಓರೆಯು ಡಿಗ್ರಿಯ ಇಪ್ಪತ್ತನೆಯ ಒಂದು ಪಾಲನ್ನು ಮೀರಬಾರದು. ಇನ್ನು ಕಾಲದ ಲೆಕ್ಕ. ಬಾಣವು ಹೆದೆಯೊಡನೆ ಸುಮಾರು ಅರ್ಧ ಮೀಟರ್ ಓಡಿ, ಸೆಕೆಂಡಿಗೆ 80 ಮೀಟರ್ ವೇಗದಲ್ಲಿ ಬಿಡುಗಡೆಯಾಗುತ್ತದೆ ಎಂದುಕೊಳ್ಳೋಣ. ವೇಗವು ಸಮವಾಗಿ ಏರಿದರೆ ಸರಾಸರಿ ಸೆಕೆಂಡಿಗೆ 40 ಮೀಟರ್. ಅರ್ಧ ಮೀಟರನ್ನು ದಾಟಲು ಹಿಡಿಯುವ ಕಾಲ ಸೆಕೆಂಡಿನ 80ರಲ್ಲಿ ಒಂದು ಭಾಗ! ಗುರಿಗೆ ತಲುಪುವುದೋ ತಪ್ಪುವುದೋ ಎಂಬುದು ಬಹುಮಟ್ಟಿಗೆ ಈ ಕಿರುಗಾಲದಲ್ಲಿಯೇ ನಿರ್ಣಯವಾಗಿಬಿಡುತ್ತದೆ.

ಈ ಅವಧಿಯಲ್ಲಿ ಬಾಣವು ನಾವು ಭಾವಿಸುವಂತೆ ನೇರವಾದ ಕಡ್ಡಿಯಾಗಿಯೂ ಉಳಿಯುವುದಿಲ್ಲ. ಹೆದೆಯು ಹಿಂದಿನಿಂದ ಒಮ್ಮೆಲೇ ತಳ್ಳಿದಾಗ ಅದು ಹಾವಿನಂತೆ ಬಳುಕುತ್ತದೆ. 1930ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಚಲನಚಿತ್ರಗಳನ್ನು ತೆಗೆದು ಈ ಬಳುಕನ್ನು ಕಣ್ಣಿಗೆ ಕಾಣಿಸಿದರು. ಬೆರಳಿನಿಂದ ಹೆದೆ ಬಿಟ್ಟರೆ ಬಾಣವು ಮುಖ್ಯವಾಗಿ ಎಡಬಲಕ್ಕೆ ಬಳುಕುತ್ತದೆ. ಕೊಕ್ಕೆಯಿಂದ ಬಿಟ್ಟರೆ ಹೆಚ್ಚಾಗಿ ಮೇಲೆ ಕೆಳಗೆ. ಹೀಗೆ ಬಳುಕುತ್ತಾ ಮುಂದೋಡುವ ಬಾಣದ ಬಾಲದಲ್ಲಿ ಮೂರು ಗರಿಗಳಿರುತ್ತವೆ. ಹಿಂದಿನ ಕಾಲದಲ್ಲಿ ಅವು ಹಕ್ಕಿಯ ಗರಿಗಳೇ ಆಗಿದ್ದವು. ಬಾಣವನ್ನು ಬಿಲ್ಲು ಹಿಡಿದ ಕೈಯ ಬೆರಳಿನ ಮೇಲೆ ಒರಗಿಸಿ ಬಿಟ್ಟರೂ ಆ ಗರಿಗಳು ಮಡಿಸಿಕೊಂಡು ದಾಟಿಹೋಗುತ್ತಿದ್ದವು. ಈಗಿನವು ಬಹುಪಾಲು ಪ್ಲಾಸ್ಟಿಕ್ಕಿನವು. ಮಳೆಗೆ ಕೆಡುವುದಿಲ್ಲವೆಂಬುದು ಅವುಗಳ ಗುಣ. ಅಡ್ಡ ಬಂದುದಕ್ಕೆ ಹಕ್ಕಿಯ ಗರಿಯಷ್ಟು ಸುಲಭವಾಗಿ ಬಾಗುವುದಿಲ್ಲವೆಂಬುದು ದೋಷ. ಅಂಥ ಗರಿಯು ದಾಟುವಾಗ ಆಸರೆಗೆ ತಾಗಿದರೆ ಬಾಣದ ಬಾಲವು ಒದೆಸಿಕೊಂಡಂತೆ ಪಕ್ಕಕ್ಕೆ ಚಿಮ್ಮುತ್ತದೆ.

ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಆಸರೆ ಬೇಕು, ಅದಿಲ್ಲದಿದ್ದರೆ ಬಾಣ ಕೆಳಕ್ಕೆ ಬೀಳುತ್ತದೆ. ಆಸರೆ ಬೇಡ, ಅದಿದ್ದರೆ ಗರಿ ತಾಗುತ್ತದೆ. ಬೇಕೂ ಹೌದು, ಬೇಡವೂ ಹೌದು ಎನ್ನುವ ಈ ತೊಡಕಿಗೆ ಕುಶಲಿಗಳು ಕಂಡುಕೊಂಡ ಪರಿಹಾರಗಳಲ್ಲಿ ಒಂದು ಬೀಳುವ ಆಸರೆ. ಬಿಲ್ಲಾಳುಗಳು ಅದನ್ನು ‘ಡ್ರಾಪ್ ಅವೇ ರೆಸ್ಟ್’ ಎಂದು ಕರೆಯುತ್ತಾರೆ. ಹಿಡಿಕೆಯ ಪಕ್ಕದಲ್ಲಿ ತಿರುಪಿನಿಂದ ಬಿಗಿದ ಒಂದು ಪುಟ್ಟ ಯಂತ್ರ ಅದು. ಅದರಿಂದ ಹೊರಟ ಒಂದು ಕವಲು, ಎಂದರೆ ಇಬ್ಬಾಗವಾದ ಬೆರಳು, ಬಾಣವನ್ನು ಹೊರುತ್ತದೆ. ಒಂದು ಬಗೆಯಲ್ಲಿ ಕವಲಿಗೆ ಕಟ್ಟಿದ ದಾರವನ್ನು, ಹೆದೆ ಸೆಳೆದಾಗ ಕೆಳಕ್ಕೆ ಚಲಿಸುವ ಕೇಬಲ್ಲಿಗೆ ಗಂಟು ಹಾಕಿರುತ್ತಾರೆ. ಹೆದೆ ಸೆಳೆದಂತೆ ಕೇಬಲ್ಲು ದಾರವನ್ನು ಎಳೆಯುತ್ತದೆ, ಕವಲು ಎದ್ದು ಬಾಣವನ್ನು ಎತ್ತಿಹಿಡಿಯುತ್ತದೆ. ಹೆದೆ ಬಿಟ್ಟಾಗ ಕೇಬಲ್ಲು ಮರಳುತ್ತದೆ, ದಾರ ಸಡಿಲುತ್ತದೆ, ಒಳಗಿನ ಸ್ಪ್ರಿಂಗು ಕವಲನ್ನು ಕೆಳಕ್ಕೆ ಮಲಗಿಸುತ್ತದೆ. ಇನ್ನೊಂದು ಬಗೆಯಲ್ಲಿ ದಾರವನ್ನು ಬಿಲ್ಲಿನ ತೋಳಿಗೇ ಕಟ್ಟುತ್ತಾರೆ. ಅಲ್ಲಿ ಸ್ಪ್ರಿಂಗು ಕವಲನ್ನು ಎತ್ತುತ್ತದೆ, ಬಿಗಿದ ದಾರವು ಇಳಿಸುತ್ತದೆ. ಎರಡರ ಉದ್ದೇಶವೂ ಒಂದೇ: ಬಾಣವು ಹೊರಟ ಮೊದಲ ಭಾಗದಲ್ಲಿ ಅದನ್ನು ಹಿಡಿದಿರಬೇಕು, ಗರಿಗಳು ಹತ್ತಿರ ಬರುವ ಮೊದಲೇ ದಾರಿ ಬಿಟ್ಟಿರಬೇಕು. ಬೀಳುವ ಆಸರೆಯ ಬದಲು ತೆಳುವಾದ ಉಕ್ಕಿನ ನಾಲಗೆಯನ್ನು ಬಳಸುವ ಪಂದ್ಯಗಾರರೂ ಅನೇಕರಿದ್ದಾರೆ. ನಮ್ಮ ಹುಡುಗಿಯ ಬಿಲ್ಲಿನಲ್ಲಿದ್ದುದು ಕೇಬಲ್ಲಿಗೆ ದಾರ ಕಟ್ಟಿದ ಬೀಳುವ ಆಸರೆ.

ಈಗ ಕಥೆಗೆ ಮರಳೋಣ. ಪರಸ್ಥಳದಿಂದ ಹಿಂತಿರುಗಿದ ತರಬೇತುದಾರನಿಗೆ ನಾನೇ ಹೋಗಿ ವಿಷಯ ತಿಳಿಸಿದೆ. ಅವನು ಹುಡುಗಿಯನ್ನು ಬೈಯಲೂ ಇಲ್ಲ, ಸಮಾಧಾನದ ಮಾತು ಹೇಳಲೂ ಇಲ್ಲ. “ಬಿಲ್ಲು ತೆಗೆದುಕೊಂಡು ಬಾ ಮಗು, ಅದನ್ನೇ ಕೇಳೋಣ” ಎಂದನು. ಮೈದಾನದಲ್ಲಿ ಮರದ ಚೌಕಟ್ಟಿಗೆ ಒಂದು ಹಾಳೆಯನ್ನು ಬಿಗಿಯಾಗಿ ಅಂಟಿಸಿ, ಅದರ ಹಿಂದೆ ಬಾಣ ತಡೆಯುವ ದಪ್ಪ ಹಲಗೆಯನ್ನು ನಿಲ್ಲಿಸಿದನು. ಎರಡು ಮೀಟರ್ ದೂರದಿಂದ ಹಾಳೆಯ ಮೂಲಕ ಬಾಣ ಬಿಡಲು ಹೇಳಿದನು. ನೇರವಾಗಿ ಹಾರಿದ ಬಾಣವು ಹಾಳೆಯಲ್ಲಿ ಒಂದು ದುಂಡು ತೂತನ್ನೂ ಅದರ ಸುತ್ತ ಮೂರು ಗರಿಗಳ ಗೆರೆಗಳನ್ನೂ ಮೂಡಿಸುತ್ತದೆ. ಓರೆಯಾಗಿ ಹಾರಿದರೆ ಮೊನೆ ಹೊಕ್ಕ ಜಾಗ ಒಂದು, ಬಾಲ ಹೊಕ್ಕ ಜಾಗ ಇನ್ನೊಂದು. ನಡುವೆ ಹಾಳೆ ಸೀಳುತ್ತದೆ. ಅವಳ ಬಾಣ ಮಾಡಿದ ಸೀಳು ಎರಡು ಬೆರಳಿನಷ್ಟು ಉದ್ದವಿತ್ತು. ಮೊನೆ ಕೆಳಗೆ, ಬಾಲ ಮೇಲೆ.

“ಇದಕ್ಕೆ ಕಾರಣ ಮೂರು ನಾಲ್ಕು ಇರಬಹುದು ಸಾರ್. ಊಹೆ ಮಾಡಿ ಎಲ್ಲವನ್ನೂ ತಿರುಗಿಸಿದರೆ ಯಾವುದು ಕೆಟ್ಟಿತ್ತು ಎಂಬುದೇ ತಿಳಿಯುವುದಿಲ್ಲ” ಎಂದು ನನಗೆ ಹೇಳಿ, ಗರಿ ಎಲ್ಲಿಯಾದರೂ ತಾಗುತ್ತಿದೆಯೇ ಎಂದು ನೋಡಲು ಹೊರಟನು. ಇದಕ್ಕೆ ಕೆಲವರು ತುಟಿಬಣ್ಣವನ್ನು ಬಳಸುತ್ತಾರಂತೆ. ನಮ್ಮಲ್ಲಿ ಅದಿರಲಿಲ್ಲ, ಹುಡುಗಿಯ ತಾಯಿಯ ಚೀಲದಲ್ಲಿ ಕಾಡಿಗೆಯ ಡಬ್ಬಿಯಿತ್ತು. ಕವಲಿನ ಅಂಚಿಗೂ ಅದರ ಕೆಳಗಿನ ಹಿಡಿಕೆಯ ಮೆಟ್ಟಿಲಿಗೂ ತೆಳುವಾಗಿ ಕಾಡಿಗೆ ಬಳಿದು ಒಂದು ಬಾಣ ಬಿಡಿಸಿದನು. ಹಲಗೆಯಿಂದ ಕಿತ್ತು ತಂದ ಬಾಣದ ಕೆಳಗಿನ ಹಳದಿ ಗರಿಯ ಮೇಲೆ ಕಪ್ಪು ಗೆರೆಯೊಂದು ಎದ್ದು ಕಾಣುತ್ತಿತ್ತು.

ಬಳಿಕ ಅವನು ಹುಡುಗಿಯನ್ನು ಗುರಿಹಲಗೆಯ ಎದುರು ನಿಲ್ಲಿಸಿ, ಬಾಣ ಹೂಡಿ ಹೆದೆಯನ್ನು ಮೆಲ್ಲಗೆ ಸೆಳೆಯುವಂತೆ ಹೇಳಿದನು. ತಾನು ಪಕ್ಕದಲ್ಲಿ, ಬಾಣದ ದಾರಿಯಿಂದ ಹಿಂದೆ ನಿಂತು ಕವಲನ್ನು ನೋಡಿದನು. ಬಾಣವಿಲ್ಲದೆ ಸೆಳೆದು ಹೆದೆ ಕೈ ಜಾರಿದರೆ ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ತಗುಲಿ ತೋಳು ಒಡೆಯಬಹುದು, ಆಳಿಗೂ ಗಾಯವಾಗಬಹುದು. ಆದುದರಿಂದ ಬರಿಯ ಹೆದೆಯನ್ನು ಎಂದೂ ಬಿಡಬಾರದು. ಪರೀಕ್ಷೆಗಾದರೂ ಗುರಿಹಲಗೆಯತ್ತ ಮುಖ ಮಾಡಿಯೇ ಸೆಳೆಯಬೇಕು. ಹೀಗೆ ನೋಡಿದಾಗ ತಿಳಿದದ್ದು ಇಷ್ಟು: ಹೆದೆ ಪೂರ್ತಿ ಸೆಳೆದಿದ್ದರೂ ಕವಲು ಪೂರ್ತಿ ಎದ್ದಿರಲಿಲ್ಲ. “ಮೇಷ್ಟ್ರೇ, ಇಲ್ಲಿ ನೋಡಿ” ಎಂದು ಕೇಬಲ್ಲನ್ನು ತೋರಿಸಿದನು. ತಿಂಗಳ ಹಿಂದೆ ಹೊಸ ಕೇಬಲ್ಲು ಹಾಕಿಸಿದಾಗ ಗಂಟಿನ ಜಾಗದಲ್ಲಿ ಬಿಳಿ ಶಾಯಿಯ ಗುರುತು ಇಟ್ಟಿದ್ದನಂತೆ. ಗಂಟು ಆ ಗುರುತಿನಿಂದ ಮೇಲಕ್ಕೆ ನಾಲ್ಕು ಮಿಲಿಮೀಟರ್ ಜಾರಿತ್ತು.

ನಾಲ್ಕು ಮಿಲಿಮೀಟರ್! ಒಂದು ಅಕ್ಕಿಕಾಳಿನ ಉದ್ದಕ್ಕಿಂತ ಕಡಿಮೆ. ಗಂಟು ಜಾರಿದಷ್ಟೂ ದಾರ ಸಡಿಲ. ದಾರ ಸಡಿಲವಾದಷ್ಟೂ ಕವಲು ತಡವಾಗಿ ಏಳುತ್ತದೆ, ಬೇಗನೆ ಬೀಳುತ್ತದೆ. ಬಾಣವು ಬೇಕಾದಷ್ಟು ಹೊತ್ತು ಆಸರೆಯಿಲ್ಲದೆ ಕುಸಿಯುತ್ತದೆ, ಗರಿ ಕೆಳಗೆ ಸವರುತ್ತದೆ. ಸೆಳೆದಾಗಲೆಲ್ಲ ಗಂಟು ಕೂದಲೆಳೆಯಷ್ಟು ಜಾರುತ್ತಿದ್ದುದರಿಂದ ಇಂದಿನ ತಪ್ಪು ನಿನ್ನೆಯ ತಪ್ಪಿನಂತೆ ಇರುತ್ತಿರಲಿಲ್ಲ. ಹುಡುಗಿ ಅದನ್ನು ತನ್ನ ಕೈಯಿಂದ ತಿದ್ದಲು ಹೆಣಗಿದಷ್ಟೂ ಬಾಣಗಳು ಚೆದುರಿದವು. ಗಾದೆಯನ್ನು ಹೇಳಿದ ನಾನು ತಲೆ ತಗ್ಗಿಸಿ ನಿಂತೆ. ನೆಲ ನಿಜವಾಗಿಯೂ ಡೊಂಕಾಗಿತ್ತು.

ಅಂದು ಸಂಜೆ ಅವನು ಆಸರೆಯನ್ನು ಮೊದಲಿನಿಂದ ಹೊಂದಿಸಿದ ಕ್ರಮವನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಬಿಲ್ಲನ್ನು ಚೌಕಟ್ಟಿನಲ್ಲಿ ಸಿಕ್ಕಿಸಿ, ರಸಮಟ್ಟ ಹಿಡಿದು ನೆಟ್ಟಗೆ ನಿಲ್ಲಿಸಿದನು. ಬಾಣ ಹೂಡಿ ಕವಲನ್ನು ಎತ್ತಿ ನಿಲ್ಲಿಸಿದಾಗ, ಬಾಣವು ಆಸರೆಯ ತಿರುಪು ಕೂರುವ ತೂತಿನ ನಡುಮಟ್ಟಕ್ಕೆ ಬರುವಂತೆ ಎತ್ತರವನ್ನು ಗೊತ್ತುಮಾಡಿದನು. ಬಾಣಕ್ಕೂ ಹೆದೆಗೂ ನಡುವಿನ ಕೋನ 90 ಡಿಗ್ರಿ ಇರುವಂತೆ ಮೂಲೆಮಟ್ಟದಿಂದ ನೋಡಿಕೊಂಡನು. ಬಾಣದ ಹಿಂತುದಿಯ ಕಚ್ಚು ಹೆದೆಯಲ್ಲಿ ಕೂರುವ ಜಾಗವನ್ನು ಅದಕ್ಕೆ ತಕ್ಕಂತೆ ಕಟ್ಟಿದನು. ಬಳಿಕ ಎಡಬಲದ ಸ್ಥಾನ. ಹಿಡಿಕೆಯ ಪಕ್ಕದಿಂದ ಬಾಣದ ನಡುಗೆರೆಗೆ ಸುಮಾರು 20 ಮಿಲಿಮೀಟರ್ ಇರುವಂತೆ ಇಟ್ಟು, “ಇದು ಆರಂಭದ ಅಳತೆ ಮಾತ್ರ, ಕೊನೆಯ ಮಾತನ್ನು ಬಾಣವೇ ಹೇಳಬೇಕು” ಎಂದನು.

ಅನಂತರ ದಾರದ ಸರದಿ. ಸೆಳೆತದ ಕೊನೆಯ ಒಂದೆರಡು ಅಂಗುಲಗಳಲ್ಲಿ ಕವಲು ತನ್ನ ಪೂರ್ತಿ ಎತ್ತರಕ್ಕೆ ಬರಬೇಕು. ಅದಕ್ಕಿಂತ ಬಹಳ ಮುಂಚೆ ಎದ್ದರೆ, ಬಿಟ್ಟಾಗ ಅಷ್ಟೇ ತಡವಾಗಿ ಬೀಳುತ್ತದೆ, ಗರಿಗೆ ಅಡ್ಡವಾಗುತ್ತದೆ. ಪೂರ್ತಿ ಏಳದೆಯೇ ಉಳಿದರೆ ಈ ಹುಡುಗಿಗೆ ಆದುದೇ ಆಗುತ್ತದೆ. ದಾರವನ್ನು ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಸರಿಸಿ, ಮತ್ತೆ ಮತ್ತೆ ಸೆಳೆಯಿಸಿ ನೋಡಿ, ಸರಿಯೆನಿಸಿದ ಮೇಲೆ ಗಂಟು ಹಾಕಿದನು. ಗಂಟಿನ ಮೇಲೂ ಕೆಳಗೂ ಬಿಗಿಯಾದ ನೂಲನ್ನು ಸುತ್ತಿ ಅದು ಜಾರದಂತೆ ಕಾವಲಿಟ್ಟನು. ಅಂಚಿನಲ್ಲಿ ಹೊಸ ಬಿಳಿ ಗುರುತು ಇಟ್ಟನು. ಇಷ್ಟಾದ ಮೇಲೆ ಮತ್ತೆ ಕಾಡಿಗೆಯ ಪರೀಕ್ಷೆ. ಈ ಬಾರಿ ಗರಿ ನಿರ್ಮಲವಾಗಿತ್ತು.

ಹಾಳೆಯ ಪರೀಕ್ಷೆಯಲ್ಲಿ ಬಾಲವು ಇನ್ನೂ ಸ್ವಲ್ಪ ಮೇಲಿತ್ತು. ಆಸರೆಯನ್ನು ಕಾಲು ಸುತ್ತಿನಷ್ಟು ಎತ್ತರಿಸಿದಾಗ ಸೀಳು ಕಿರಿದಾಯಿತು. ಇನ್ನೊಮ್ಮೆ ಎತ್ತರಿಸಿದಾಗ ದುಂಡಾಯಿತು. ಬಾಲ ಕೆಳಗಿದ್ದರೆ ಆಸರೆಯನ್ನು ತಗ್ಗಿಸಬೇಕಾಗುತ್ತದೆ. ಎಡಬಲದ ಸೀಳು ಇಷ್ಟು ಸರಳವಲ್ಲ. ಬಾಣದ ಗಡಸುತನ, ಹಿಡಿಕೆಯನ್ನು ತಿರುಚುವ ಅಂಗೈ, ಗಾಲಿಯ ಓರೆ, ಯಾವುದೂ ಕಾರಣವಾಗಬಹುದು. ಅಲ್ಲಿಯೂ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸು, ಅತ್ಯಲ್ಪವಾಗಿ ಬದಲಿಸು, ಮೂರು ಬಾಣ ಬಿಟ್ಟು ನೋಡು, ಬರೆದಿಡು. ಒಂದೇ ಬಾಣವನ್ನು ನಂಬಿದರೆ ಕೈಯ ತಪ್ಪನ್ನು ಬಿಲ್ಲಿನ ತಲೆಗೆ ಕಟ್ಟಿದಂತಾಗಬಹುದು.

ಮರುದಿನ ದೂರದ ಪರೀಕ್ಷೆ ನಡೆಯಿತು. ಗುರಿಹಲಗೆಯ ಮೇಲೆ ತೂಗುದಾರದ ನೆರವಿನಿಂದ ನೆಟ್ಟಗೆ ಒಂದು ಗೆರೆ ಎಳೆದರು. ಅದರ ತುದಿಯ ಒಂದೇ ಬಿಂದುವನ್ನು ನೋಡುತ್ತಾ 20, 30, 40 ಮೀಟರ್‌ಗಳಿಂದ ಬಾಣ ಬಿಟ್ಟಳು. ದೂರ ಹೆಚ್ಚಿದಂತೆ ಬಾಣ ಕೆಳಗೆ ನಾಟುವುದು ಸಹಜ. ಆದರೆ ಗೆರೆಯಿಂದ ಪಕ್ಕಕ್ಕೆ ಸರಿಯಬಾರದು. ಅವಳ ಬಾಣಗಳು ಕ್ರಮಕ್ರಮವಾಗಿ ಎಡಕ್ಕೆ ಜರುಗಿದ್ದವು. ಆಸರೆಯನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಿದರು. ಸೂರ್ಯ ಇಳಿಯುವ ಹೊತ್ತಿಗೆ ಬಾಣಗಳೆಲ್ಲ ಗೆರೆಯ ಮೇಲೆಯೇ ಮೇಲಿಂದ ಕೆಳಗೆ ಸಾಲಾಗಿ ನಿಂತವು. ಹುಡುಗಿ ಆ ಸಾಲನ್ನು ಬೆರಳಿನಿಂದ ಸವರಿ ನೋಡಿದಳು.

ಮನೆಗೆ ಬರುವ ದಾರಿಯಲ್ಲಿ ನಾನು, “ಅಂದು ನಾನು ಆಡಿದ ಮಾತು ತಪ್ಪು ಮಗು. ಪರೀಕ್ಷಿಸದೆ ಆಡಿದೆ” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಿಳಿ ಗುರುತನ್ನು ದಿನವೂ ನೋಡಬೇಕೆಂದು ಸಾರ್ ಹೇಳಿಹೋಗಿದ್ದರು ತಾತ. ನಾನು ಒಂದು ದಿನವೂ ನೋಡಿರಲಿಲ್ಲ” ಎಂದಳು. ನಾನು ಅವಳಿಗೆ ಹೇಳಿದ ಯಾವ ನೀತಿಗಿಂತಲೂ ಅವಳಾಡಿದ ಈ ಮಾತು ದೊಡ್ಡದೆಂದು ನನಗೆ ತೋರಿತು. ತನ್ನ ಕೈ ತಪ್ಪಿಲ್ಲವೆಂದು ಸಾಬೀತಾದ ದಿನವೇ ತನ್ನ ಕಣ್ಣು ತಪ್ಪಿತ್ತೆಂದು ಅವಳು ಒಪ್ಪಿಕೊಂಡಳು.

ಆಯ್ಕೆಯ ಪಂದ್ಯದಲ್ಲಿ ಅವಳು ಆ ವರ್ಷ ಗೆಲ್ಲಲಿಲ್ಲ. ಕಳೆದುಹೋದ ದಿನಗಳನ್ನು ಯಾವ ಗಂಟೂ ಬಿಗಿದು ತರಲಾರದು. ಆದರೆ ಬಿಲ್ಲು ಮತ್ತೆ ಪೆಟ್ಟಿಗೆಯಲ್ಲಿ ಮಲಗಲಿಲ್ಲ. ಪ್ರತಿದಿನ ಮೊದಲ ಬಾಣ ಹೂಡುವ ಮುನ್ನ ಅವಳು ಬಿಳಿ ಗುರುತನ್ನು ನೋಡುತ್ತಾಳೆ, ತಿರುಪುಗಳನ್ನು ಮುಟ್ಟಿ ನೋಡುತ್ತಾಳೆ, ಒಂದು ಪುಟ್ಟ ಪುಸ್ತಕದಲ್ಲಿ ದಿನಾಂಕ ಬರೆದು ಅಳತೆಗಳನ್ನು ಗುರುತಿಸುತ್ತಾಳೆ.

ವಿದ್ಯಾರ್ಥಿಗಳೇ, ಸೋತವನು ಸಾಧನವನ್ನು ದೂರುವುದು ಲೋಕದಲ್ಲಿ ಸಾಮಾನ್ಯ. ಆ ಗಾದೆ ಹುಟ್ಟಿದ್ದು ಅದಕ್ಕಾಗಿಯೇ. ಆದರೆ ನೆಲ ಡೊಂಕಾಗಿರುವುದೂ ಉಂಟು. ಡೊಂಕೋ ಅಲ್ಲವೋ ಎಂಬುದನ್ನು ಗಾದೆ ಹೇಳಲಾರದು. ರಸಮಟ್ಟ ಹೇಳುತ್ತದೆ, ಹರಿದ ಹಾಳೆ ಹೇಳುತ್ತದೆ, ಗರಿಯ ಮೇಲಿನ ಕಾಡಿಗೆ ಹೇಳುತ್ತದೆ. ದೂರುವವರೂ ಗದರುವವರೂ ಒಂದು ಗಳಿಗೆ ತಡೆದು ಪರೀಕ್ಷೆ ಮಾಡಿದರೆ ಎಷ್ಟೋ ಕಣ್ಣೀರು ಉಳಿಯುತ್ತದೆ.

ಆ ಪುಟ್ಟ ಕವಲನ್ನು ಕಂಡಾಗಲೆಲ್ಲ ನನಗೆ ನನ್ನ ವೃತ್ತಿಯೇ ನೆನಪಾಗುತ್ತದೆ. ಬಾಣ ಹೊರಡುವ ಮುನ್ನವೇ ಕುಸಿಯುವ ಆಸರೆ ಆಸರೆಯಲ್ಲ. ಹೊರಟ ಮೇಲೂ ಅಡ್ಡ ನಿಲ್ಲುವ ಆಸರೆ ಆಸರೆಯಲ್ಲ. ಹಿಡಿಯಬೇಕಾದಷ್ಟು ಹೊತ್ತು ಹಿಡಿದಿದ್ದು, ತಕ್ಕ ಗಳಿಗೆಯಲ್ಲಿ ಸರಿದು ದಾರಿ ಬಿಡುವುದೇ ಅದರ ಧರ್ಮ. ಬಾಣ ಗುರಿಯಲ್ಲಿ ನಾಟಿದಾಗ ಅದನ್ನು ಯಾರೂ ನೋಡುವುದಿಲ್ಲ. ನೋಡಬೇಕಾದ ಅಗತ್ಯವೂ ಅದಕ್ಕಿಲ್ಲ.

ಪದಗಳ ಅರ್ಥ

ಹೆದೆ: ಬಿಲ್ಲಿನ ಹಗ್ಗ
ಮೊನೆ: ಚೂಪಾದ ತುದಿ
ಕವಲು: ಇಬ್ಭಾಗವಾದ ಕೊಂಬೆ ಅಥವಾ ಬೆರಳಿನಂಥ ಭಾಗ
ರಸಮಟ್ಟ: ಸಮತಲವನ್ನು ನೋಡುವ ಉಪಕರಣ
ಮೂಲೆಮಟ್ಟ: ಲಂಬಕೋನವನ್ನು ನೋಡುವ ಉಪಕರಣ
ತೂಗುದಾರ: ಭಾರ ಕಟ್ಟಿ ಇಳಿಬಿಟ್ಟ ದಾರ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕಾಂಪೌಂಡ್ ಬಿಲ್ಲನ್ನು ರೂಪಿಸಿದವರು ಯಾರು?
2. 50 ಮೀಟರ್ ದೂರದ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸವೆಷ್ಟು?
3. ತರಬೇತುದಾರನು ಕಾಡಿಗೆಯನ್ನು ಏಕೆ ಬಳಸಿದನು?
4. ಗಂಟು ಎಷ್ಟು ಜಾರಿತ್ತು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬಾಣಕ್ಕೆ ಆಸರೆ ಬೇಕೂ ಹೌದು, ಬೇಡವೂ ಹೌದು. ಹೇಗೆ?
2. ದಾರ ಸಡಿಲವಾದರೆ ಬಾಣದ ಚಲನೆ ಹೇಗೆ ಕೆಡುತ್ತದೆ?
3. ಬರಿಯ ಹೆದೆಯನ್ನು ಏಕೆ ಬಿಡಬಾರದು?
4. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ನಿಯಮದ ಪ್ರಯೋಜನವೇನು?

ಇ. ಸಂದರ್ಭ ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
1. “ಬಿಲ್ಲು ತೆಗೆದುಕೊಂಡು ಬಾ ಮಗು, ಅದನ್ನೇ ಕೇಳೋಣ.”
2. “ಕೊನೆಯ ಮಾತನ್ನು ಬಾಣವೇ ಹೇಳಬೇಕು.”
3. “ನಾನು ಒಂದು ದಿನವೂ ನೋಡಿರಲಿಲ್ಲ.”

ಈ. ಭಾಷಾಭ್ಯಾಸ
1. ಬಿಡಿಸಿ ಸಂಧಿಯ ಹೆಸರು ತಿಳಿಸಿರಿ: ಬಿಲ್ಲಾಳು, ಒಂದೊಂದು, ಗುರಿಯಲ್ಲಿ.
2. ವಿಗ್ರಹವಾಕ್ಯ ಬರೆದು ಸಮಾಸದ ಹೆಸರು ತಿಳಿಸಿರಿ: ಅಂಗೈ, ಹಿಂತುದಿ, ಎಡಬಲ.
3. ‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆಯನ್ನು ವಿಸ್ತರಿಸಿ, ಅದು ಸಲ್ಲುವ ಒಂದು ಸಂದರ್ಭವನ್ನೂ ಸಲ್ಲದ ಒಂದು ಸಂದರ್ಭವನ್ನೂ ನಿಮ್ಮ ಅನುಭವದಿಂದ ಬರೆಯಿರಿ.